ಕಂಡಿಕೆ ಸುತ್ತುವ ಅವ್ವನ ಹೆಸರು ಯಾವ ಲೆಕ್ಕದಲ್ಲಿದೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯವಳು, ಊರು ಇಳಕಲ್ ಹತ್ತಿರ. ಬಿ.ಎ. ಎರಡನೇ ವರ್ಷದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಮನೆಯಲ್ಲಿ ಎರಡು ಕೈಮಗ್ಗ ಇವೆ. ಅಪ್ಪ, ಅಣ್ಣ ನೇಯುತ್ತಾರೆ. ಅವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ, ಸೀರೆಯ ಒಡಲು ಸೆರಗಿನ ಎಳೆ ಜೋಡಿಸುವ ಕೊಂಡಿ ಹಾಕುತ್ತಾಳೆ, ಅದರ ಮೇಲೆ ಮನೆ ಕೆಲಸ ಎಲ್ಲಾ ಅವಳದೇ. ಮೊನ್ನೆ ಕ್ಲಾಸಿನಲ್ಲಿ, ‘ಬಡ ದೇಶಗಳಲ್ಲಿ ಮೊದಲು ಆರ್ಥಿಕ ಬೆಳವಣಿಗೆ ಆಗಬೇಕು, ಆಮೇಲೆ ಹೆಣ್ಣು ಗಂಡು ಸಮಾನತೆ ತಾನಾಗಿಯೇ ಬರುತ್ತದೆ’ ಅಂತ ಹೇಳಿದರು. ನಮ್ಮ ಮನೆಯಲ್ಲಿ ಹತ್ತು ವರ್ಷದಲ್ಲಿ ಪರಿಸ್ಥಿತಿ ಸುಧಾರಿಸಿದೆ. ಪಕ್ಕಾ ಮನೆ ಆಯಿತು, ಗಾಡಿ ಬಂತು, ಫ್ರಿಜ್ ಬಂತು. ಆದರೆ ಅವ್ವ ಇವತ್ತಿಗೂ ಹತ್ತು ರೂಪಾಯಿ ಬೇಕಾದರೆ ಅಪ್ಪನನ್ನೇ ಕೇಳಬೇಕು. ಹಾಗಾದರೆ ಕ್ಲಾಸಿನಲ್ಲಿ ಹೇಳಿದ್ದು ತಪ್ಪಾ? ನಿಜವಾಗಿ ಯಾವುದು ಮೊದಲು?

ಉತ್ತರ: ತಂಗಿ, ನಿನ್ನ ಪತ್ರ ಓದಿ ಎರಡು ದಿನ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ. ನನ್ನ ತವರು ಗುಳೇದಗುಡ್ಡ. ನಮ್ಮ ಅಜ್ಜಿ ಖಣದ ಮಗ್ಗದ ಮನೆಯವಳು. ಬಲಗೈಯಲ್ಲಿ ರಾಟಿ ತಿರುಗಿಸುತ್ತಾ, ಎಡಗೈ ಬೆರಳ ಸಂದಿಯಲ್ಲಿ ನೂಲು ಹಿಡಿದು ಕಂಡಿಕೆ ಸುತ್ತುತ್ತಿದ್ದಳು. ವರ್ಷಾನುಗಟ್ಟಲೆ ನೂಲು ಉಜ್ಜಿ ಉಜ್ಜಿ ಆ ಬೆರಳಿಗೆ ಒಂದು ಗೆರೆ ಬಿದ್ದಿತ್ತು. ಚಿಕ್ಕವಳಿದ್ದಾಗ ಆ ಗೆರೆಯ ಮೇಲೆ ನನ್ನ ಉಗುರು ಆಡಿಸುತ್ತಿದ್ದೆ. ಲಾಳಿಯಲ್ಲಿ ಕಂಡಿಕೆ ಖಾಲಿಯಾದರೆ ಮಗ್ಗ ನಿಲ್ಲುತ್ತದೆ ಅಲ್ವಾ? ಅಜ್ಜಿ ಎದ್ದು ಹೋದರೆ ಅಜ್ಜನ ಮಗ್ಗವೂ ನಿಲ್ಲುತ್ತಿತ್ತು. ಆದರೆ ನೂಲು ಕೊಟ್ಟು ನೇಯಿಸಿಕೊಳ್ಳುವ ಸಾಹುಕಾರರ ಲೆಕ್ಕದ ಪುಸ್ತಕದಲ್ಲಿ ಇದ್ದದ್ದು ಅಜ್ಜನ ಹೆಸರು ಒಂದೇ. ಮಜೂರಿ ಅಜ್ಜನ ಕೈಗೇ ಬರುತ್ತಿತ್ತು. ನಾನು ಅರ್ಥಶಾಸ್ತ್ರಕ್ಕೆ ಬಂದದ್ದಕ್ಕೆ ಆ ಪುಸ್ತಕವೂ ಒಂದು ಕಾರಣ.

ಮೊದಲು ನಿನ್ನ ಪ್ರಶ್ನೆಗೆ ನೇರ ಉತ್ತರ. ಕ್ಲಾಸಿನಲ್ಲಿ ಹೇಳಿದ್ದು ಅರ್ಧ ನಿಜ. ಬಡತನ ಕಡಿಮೆಯಾದರೆ ಹೆಣ್ಣುಮಕ್ಕಳಿಗೆ ಒಳ್ಳೆಯದಾಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ‘ತಾನಾಗಿಯೇ’ ಅನ್ನುವ ಮಾತು ಸರಿಯಲ್ಲ. ದುಡ್ಡು ಮನೆಗೆ ಬರುವುದು ಒಂದು, ಅದು ಯಾರ ಹೆಸರಿಗೆ, ಯಾರ ಕೈಗೆ ಬರುತ್ತದೆ ಅನ್ನುವುದು ಇನ್ನೊಂದು. ಎರಡನೆಯದನ್ನು ಬೆಳವಣಿಗೆ ತಂದುಕೊಡುವುದಿಲ್ಲ. ಅದನ್ನು ಬೇರೆಯಾಗಿಯೇ ಮಾಡಬೇಕು.

ನಿಜವಾದ ಅರ್ಧವನ್ನು ಮೊದಲು ನೋಡೋಣ. ಬಡತನದ ಪೆಟ್ಟು ಮನೆಯಲ್ಲಿ ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ನಮ್ಮ ಭಾಗದಲ್ಲಿ ಬರ ಹೊಸದಲ್ಲ, ಬರಗಾಲದ ಊಟದ ಸಾಲು ಹೇಗಿರುತ್ತದೆ ಅಂತ ನಿನಗೂ ಗೊತ್ತು. ಗಂಡಸರು, ಗಂಡುಮಕ್ಕಳು ಮೊದಲು. ಬುಟ್ಟಿಯಲ್ಲಿ ಉಳಿದ ರೊಟ್ಟಿ ಹೆಂಗಸರಿಗೆ. ಎಲೈನಾ ರೋಸ್ ಅನ್ನುವ ಅರ್ಥಶಾಸ್ತ್ರಜ್ಞೆ ಭಾರತದ ಹಳ್ಳಿಗಳ ಅಂಕಿಅಂಶ ಹಿಡಿದು ನೋಡಿದರು. ಮಳೆ ಚೆನ್ನಾಗಿ ಆದ ವರ್ಷ ಹೆಣ್ಣು ಕೂಸುಗಳು ಬದುಕಿ ಉಳಿಯುವುದು ಗಂಡು ಕೂಸುಗಳ ಹೋಲಿಕೆಯಲ್ಲಿ ಸುಧಾರಿಸುತ್ತದೆ ಅಂತ 1999ರಲ್ಲಿ ತೋರಿಸಿದರು. ಅಂದರೆ ಕೈ ಬಿಗಿಯಾದಾಗ ಮೊದಲು ಕೈಬಿಡುವುದು ಹೆಣ್ಣು ಮಗುವನ್ನು. ಹಾಗಾಗಿ ಮನೆಗೆ ಭದ್ರತೆ ಬಂದರೆ ಮೊದಲು ಉಳಿಯುವುದೂ ಅವಳೇ. ಹೆರಿಗೆಯ ವಿಷಯವೂ ಹಾಗೇ. ಆಸ್ಪತ್ರೆ, ರಸ್ತೆ, ಆಂಬುಲೆನ್ಸ್ ಬಂದಷ್ಟೂ ತಾಯಂದಿರ ಸಾವು ಕಡಿಮೆಯಾಗಿದೆ. ದೇಶದಲ್ಲಿ ಜೀವಂತ ಹುಟ್ಟಿದ ಒಂದು ಲಕ್ಷ ಮಕ್ಕಳಿಗೆ ತಾಯಂದಿರ ಸಾವು 2014-16ರಲ್ಲಿ 130 ಇತ್ತು, 2018-20ರಲ್ಲಿ 97ಕ್ಕೆ ಇಳಿಯಿತು. ಇದನ್ನು ಸಣ್ಣದು ಅನ್ನಲು ನನ್ನಿಂದ ಆಗುವುದಿಲ್ಲ.

ಈಗ ಉಳಿದ ಅರ್ಧ. 2001ರಿಂದ 2011ರವರೆಗೆ ನಮ್ಮ ದೇಶ ಜೋರಾಗಿ ಬೆಳೆದ ಹತ್ತು ವರ್ಷ. ಅದೇ ಹತ್ತು ವರ್ಷದಲ್ಲಿ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣು 927 ಇದ್ದದ್ದು 919ಕ್ಕೆ ಬಂತು. ದುಡ್ಡು ಬಂದಾಗ ಸ್ಕ್ಯಾನಿಂಗ್ ಮಾಡಿಸುವ ಶಕ್ತಿಯೂ ಬಂತು. ಗಂಡು ಮಗನೇ ಬೇಕು ಅನ್ನುವ ಆಸೆ ಮಾತ್ರ ಹಾಗೇ ಉಳಿಯಿತು. ಅಮರ್ತ್ಯ ಸೇನ್ 1990ರಲ್ಲೇ ಲೆಕ್ಕ ಹಾಕಿ, ಜಗತ್ತಿನಲ್ಲಿ ಇರಬೇಕಾಗಿದ್ದ 10 ಕೋಟಿಗೂ ಹೆಚ್ಚು ಹೆಂಗಸರು ಇಲ್ಲವಾಗಿದ್ದಾರೆ ಅಂತ ಬರೆದಿದ್ದರು. ಆ ಲೆಕ್ಕದಲ್ಲಿ ನಮ್ಮ ಪಾಲು ದೊಡ್ಡದು.

ದುಡಿಮೆಯ ಅಂಕಿ ನೋಡು. 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರು ಸೇರಿ 2004-05ರಲ್ಲಿ ನೂರಕ್ಕೆ 40ರ ಮೇಲಿದ್ದರು. 2017-18ಕ್ಕೆ ಅದು 23.3ಕ್ಕೆ ಕುಸಿಯಿತು. ಬೆಳವಣಿಗೆ ಏರುತ್ತಿದ್ದಾಗ ಇದು ಇಳಿಯಿತು! 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದರ ಒಂದು ಕಾರಣ ಹೇಳುತ್ತಾರೆ. ದೇಶ ತೀರಾ ಬಡವಾಗಿದ್ದಾಗ ಹೆಂಗಸರೆಲ್ಲ ಹೊಲದಲ್ಲಿ ದುಡಿಯುತ್ತಾರೆ. ಸ್ವಲ್ಪ ದುಡ್ಡು ಬಂದಮೇಲೆ ಮನೆಗೆ ವಾಪಸ್ ಹೋಗುತ್ತಾರೆ. ಮುಂದೆ ಹೆಣ್ಣುಮಕ್ಕಳು ಹೈಸ್ಕೂಲು, ಕಾಲೇಜು ಓದಿ, ಕೂತು ಮಾಡುವ ಕೆಲಸಗಳು ಬಂದಮೇಲೆ ಮತ್ತೆ ಹೊರಗೆ ಬರುತ್ತಾರೆ. ಮುಧೋಳ, ಅಥಣಿ ಕಡೆ ನೀರಾವರಿ ಬಂದ ಮನೆಗಳನ್ನು ನೋಡಿದ್ದೀಯಲ್ಲ? ಕಬ್ಬು ಬಂತು, ಟ್ರ್ಯಾಕ್ಟರ್ ಬಂತು. ‘ಈಗ ನಮ್ಮ ಸೊಸಿ ಹೊಲಕ್ಕ ಹೋಗಂಗಿಲ್ರಿ’ ಅಂತ ಅತ್ತೆ ಹೆಮ್ಮೆಯಿಂದ ಹೇಳುತ್ತಾಳೆ. ಬಿಸಿಲಿನ ದುಡಿಮೆ ತಪ್ಪಿದ್ದು ಒಳ್ಳೆಯದೇ. ಆದರೆ ಹೊಲದ ಜೊತೆಗೆ ಇದ್ದ ಓಡಾಟ, ಕೂಲಿಯ ಕೈದುಡ್ಡು, ನಾಲ್ಕು ಜನರ ಮಾತು, ಇವೂ ಹೋಗುತ್ತವೆ. ವಾಪಸ್ ಬರಲು ಬೇಕಾದ ಓದು ಆ ಸೊಸೆಗೆ ಸಿಕ್ಕಿರುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ಸುಮಾರು 79 ಜನ ಅಕ್ಷರ ಬಲ್ಲವರು, ಹೆಂಗಸರಲ್ಲಿ ಸುಮಾರು 58. ಇಷ್ಟು ದೊಡ್ಡ ಅಂತರ ಸುಮ್ನೆ ಕಾದು ಕೂತರೆ ಮುಚ್ಚುವುದಿಲ್ಲ.

2023-24ರಲ್ಲಿ ಆ 23.3 ಮತ್ತೆ 41.7ಕ್ಕೆ ಏರಿತು. ಪೇಪರಿನಲ್ಲಿ ನೀನೂ ಓದಿರಬಹುದು. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಈ ಅಂಕಿಯೊಳಗೆ ನಿಮ್ಮ ಅವ್ವ ಇದ್ದಾಳೆ.

ಸರ್ಕಾರದ ಈ ಸರ್ವೆಯಲ್ಲಿ ‘ಮನೆಯ ಉದ್ಯೋಗದಲ್ಲಿ ಸಹಾಯಕರು’ ಅನ್ನುವ ಒಂದು ವರ್ಗ ಇದೆ. ಗಂಡನ ಅಂಗಡಿಯಲ್ಲಿ ಕೂರುವವರು, ಮನೆಯ ಹೊಲದಲ್ಲಿ ಕಳೆ ತೆಗೆಯುವವರು, ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವವರು ಇದರಲ್ಲಿ ಬರುತ್ತಾರೆ. ಕೆಲಸ ಉಂಟು, ಸಂಬಳ ಇಲ್ಲ. ದೇಶದಲ್ಲಿ ದುಡಿಯುವ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಈ ವರ್ಗದವರೇ. ಹಾಗಾಗಿ ‘ದುಡಿಯುವ ಮಹಿಳೆಯರ ಸಂಖ್ಯೆ ಏರಿದೆ’ ಅಂದಾಗ, ಅವರಲ್ಲಿ ಎಷ್ಟು ಜನರ ಕೈಗೆ ಅವರದೇ ದುಡ್ಡು ಬಂತು ಅಂತಲೂ ಕೇಳು. ಕೈಮಗ್ಗದ್ದೇ ಲೆಕ್ಕ ತಗೊ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಯುವವರು ಮತ್ತು ಸಹಾಯದ ಕೆಲಸ ಮಾಡುವವರು ಸೇರಿ 35 ಲಕ್ಷ ಜನ. ಅದರಲ್ಲಿ 25 ಲಕ್ಷಕ್ಕೂ ಜಾಸ್ತಿ ಹೆಂಗಸರು. ಆದರೂ ನೇಕಾರ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಒಬ್ಬ ಗಂಡಸು.

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಒಂದು ಎಳೆ ತಪ್ಪಿದರೂ ಸೀರೆಯಲ್ಲಿ ಕಾಣುತ್ತದೆ. ಅಂಥ ನಾಜೂಕಿನ ಕೆಲಸಕ್ಕೆ ‘ಸಹಾಯ’ ಅನ್ನುವ ಹೆಸರು ನನಗೆ ಒಪ್ಪಿಗೆಯಾಗುವುದಿಲ್ಲ. ಸೀರೆ ಮಾರಿದಾಗ ಅದರ ಬೆಲೆಯಲ್ಲಿ ನಿಮ್ಮ ಅವ್ವನ ಕೊಂಡಿಯೂ ಸೇರಿರುತ್ತದೆ, ರಾಜ್ಯದ ಉತ್ಪಾದನೆಯ ಲೆಕ್ಕಕ್ಕೂ ಹೋಗುತ್ತದೆ. ಬೆಳಿಗ್ಗೆ ಅವಳು ಬಡಿಯುವ ರೊಟ್ಟಿ, ಹೊರುವ ನೀರು, ಒಗೆಯುವ ಬಟ್ಟೆ ಆ ಲೆಕ್ಕಕ್ಕೂ ಬರುವುದಿಲ್ಲ. 2024ರ ಸಮಯ ಬಳಕೆಯ ಸರ್ವೆ ನೋಡು. ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಕೈ ಹಾಕುವ ಗಂಡಸರು 88 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ 88ರಲ್ಲಿ ಇಲ್ಲವೇ ಇಲ್ಲ.

‘ದುಡ್ಡು ಮನೆಗೆ ಬಂದರೆ ಸಾಕಲ್ಲ, ಯಾರ ಕೈಗೆ ಬಂದರೇನು?’ ಅಂತ ನಿಮ್ಮ ಅಪ್ಪ ಕೇಳಬಹುದು. ಪ್ರೀತಿಯಿಂದಲೇ ಕೇಳುತ್ತಾರೆ. ಇದಕ್ಕೆ ಚೆನ್ನಾದ ಉತ್ತರ ಚೀನಾದ ಚಹಾ ತೋಟಗಳಲ್ಲಿ ಇದೆ. 1979ರ ಸುಧಾರಣೆಗಳ ನಂತರ ಅಲ್ಲಿ ಚಹಾಕ್ಕೂ ಬೆಲೆ ಬಂತು, ಹಣ್ಣಿನ ತೋಟಗಳಿಗೂ ಬಂತು. ಚಹಾ ಎಲೆ ಕೀಳುವುದರಲ್ಲಿ ಹೆಂಗಸರ ಕೈ ಮುಂದು. ಹಣ್ಣಿನ ತೋಟದಲ್ಲಿ ಗಂಡಸರದು ಮುಂದು. ಅರ್ಥಶಾಸ್ತ್ರಜ್ಞೆ ನ್ಯಾನ್ಸಿ ಚಿಯಾನ್ ಎರಡನ್ನೂ ಹೋಲಿಸಿ ನೋಡಿದರು. ಚಹಾ ಬೆಳೆಯುವ ಕಡೆ ಹೆಣ್ಣು ಕೂಸುಗಳು ಜಾಸ್ತಿ ಉಳಿದವು. ಗಂಡು ಹೆಣ್ಣು ಇಬ್ಬರ ಓದೂ ಹೆಚ್ಚಿತು. ಗಂಡಸರ ಆದಾಯ ಏರಿದ ಕಡೆ ಹೆಣ್ಣುಮಕ್ಕಳ ಓದು ಕಡಿಮೆಯೇ ಆಯಿತು. ಎರಡು ಕಡೆಯೂ ಮನೆಗೆ ಬಂದದ್ದು ದುಡ್ಡೇ. ದಕ್ಷಿಣ ಆಫ್ರಿಕಾದಲ್ಲಿ ಮುದುಕರ ಪಿಂಚಣಿಯ ಕಥೆಯೂ ಹೀಗೇ. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ನೋಡಿದಾಗ, ಪಿಂಚಣಿ ಅಜ್ಜಿಯ ಕೈಗೆ ಬರುವ ಮನೆಯಲ್ಲಿ ಮೊಮ್ಮಗಳು ಮೈ ತುಂಬಿಕೊಂಡಿದ್ದಳು. ಅಜ್ಜನ ಕೈಗೆ ಬರುವ ಮನೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಅಪ್ಪನಿಗೆ ಬರೀ ಮಕ್ಕಳ ಮಾತು ಸಾಲದು, ದುಡಿಮೆಯ ಲೆಕ್ಕವೂ ಬೇಕು ಅಂದರೆ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಉದಾಹರಣೆ ಹೇಳು. ಅಲ್ಲಿ ಒಂದೇ ಮನೆಯಲ್ಲಿ ಗಂಡನ ಹೊಲ ಬೇರೆ, ಹೆಂಡತಿಯ ಹೊಲ ಬೇರೆ. ಗೊಬ್ಬರ ಹೆಚ್ಚಾಗಿ ಗಂಡನ ಹೊಲಕ್ಕೇ ಹೋಗುತ್ತದೆ. ಹೆಂಡತಿಯ ಹೊಲದ ಇಳುವರಿ ಕಡಿಮೆ ಬರುತ್ತದೆ. ಮನೆಯಲ್ಲಿ ಇರುವ ಗೊಬ್ಬರ, ಆಳುಗಳನ್ನೇ ಎರಡೂ ಹೊಲಕ್ಕೆ ಸರಿಯಾಗಿ ಹಂಚಿದ್ದರೆ ಒಟ್ಟು ಬೆಳೆ ನೂರಕ್ಕೆ ಸುಮಾರು 6ರಷ್ಟು ಹೆಚ್ಚುತ್ತಿತ್ತು ಅಂತ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಉದ್ರಿ 1996ರಲ್ಲಿ ಲೆಕ್ಕ ತೋರಿಸಿದರು. ಹೊಸ ಬಂಡವಾಳ ಬೇಡ, ಹೊಸ ಬೀಜ ಬೇಡ. ಮನೆಯೊಳಗಿನ ತಾರತಮ್ಯವೇ ಅಷ್ಟು ಬೆಳೆ ತಿನ್ನುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ‘ಹೆಂಗಸರಿಗೆ ಸಮಾನತೆ ಕೊಟ್ಟರೆ ದೇಶದ ಆದಾಯ ಜಿಗಿಯುತ್ತದೆ’ ಅನ್ನುವ ಭಾಷಣಗಳನ್ನೂ ಪೂರ್ತಿ ನಂಬಬೇಡ. ಡುಫ್ಲೋ 2012ರಲ್ಲಿ ಈ ವಿಷಯದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ಒಂದು ದೊಡ್ಡ ಲೇಖನ ಬರೆದರು. ಬೆಳವಣಿಗೆಯಿಂದ ಸಮಾನತೆಗೆ ಸಹಾಯ ಆಗುತ್ತದೆ, ಸಮಾನತೆಯಿಂದ ಬೆಳವಣಿಗೆಗೂ ಆಗುತ್ತದೆ. ಆದರೆ ಒಂದನ್ನು ತಳ್ಳಿಬಿಟ್ಟರೆ ಇನ್ನೊಂದು ತಾನೇ ಉರುಳಿಕೊಂಡು ಹೋಗುವಷ್ಟು ಆ ನಂಟು ಗಟ್ಟಿ ಇಲ್ಲ ಅನ್ನುವುದು ಅವರ ಮಾತಿನ ಸಾರ. ನನಗೆ ಇದೇ ಸರಿ ಅನಿಸುತ್ತದೆ. ಲಾಭ ಬರುತ್ತದೆ ಅಂತ ಸಮಾನತೆ ಕೊಡುವವರು ಲಾಭ ಬಾರದ ವರ್ಷ ಅದನ್ನು ವಾಪಸ್ ತಗೊಳ್ಳಬಹುದು. ನಿಮ್ಮ ಅವ್ವನ ಮಜೂರಿ ಅವಳಿಗೆ ಸಲ್ಲಬೇಕಾದದ್ದು ಅವಳು ದುಡಿದಿದ್ದಾಳೆ ಅನ್ನುವ ಕಾರಣಕ್ಕೆ.

ಹಾಗಾದರೆ ಏನು ಮಾಡಿದರೆ ಬದಲಾಗುತ್ತದೆ? ನಾನು ಹೆಸರಿನಿಂದ ಶುರು ಮಾಡುತ್ತೇನೆ. ಮಧ್ಯಪ್ರದೇಶದಲ್ಲಿ ಒಂದು ಪ್ರಯೋಗ ನಡೆಯಿತು. ಉದ್ಯೋಗ ಖಾತ್ರಿಯ ಕೂಲಿಯನ್ನು ಮನೆ ಯಜಮಾನನ ಖಾತೆಗೆ ಹಾಕುವ ಬದಲು ಹೆಂಡತಿಯ ಸ್ವಂತ ಖಾತೆಗೆ ಹಾಕಿದರು. ಜೊತೆಗೆ ಖಾತೆ ನಡೆಸುವುದು ಹೇಗೆ ಅಂತ ಸ್ವಲ್ಪ ತರಬೇತಿ ಕೊಟ್ಟರು. ಆ ಹೆಂಗಸರು ಖಾತ್ರಿ ಕೆಲಸಕ್ಕೂ ಹೆಚ್ಚು ಹೋದರು, ಹೊರಗಿನ ಕೆಲಸಕ್ಕೂ ಹೆಚ್ಚು ಹೋದರು. ಹೆಂಡತಿ ಕೆಲಸಕ್ಕೆ ಹೋಗುವುದನ್ನು ಗಂಡ ಒಪ್ಪದ ಮನೆಗಳಲ್ಲೇ ಪರಿಣಾಮ ಜಾಸ್ತಿ ಕಂಡಿತು. ಎರಡೂ ಸೇರಿದಾಗ ಹೀಗಾಯಿತು ಅನ್ನುವುದನ್ನು ಮರೆಯಬೇಡ, ಬರೀ ಖಾತೆ ತೆರೆದರೆ ಸಾಲಲಿಲ್ಲ.

ಇದನ್ನು ನಾನು ಇಲ್ಲೇ ಕಣ್ಣಾರೆ ನೋಡಿದ್ದೇನೆ. ಜಮಖಂಡಿ ಕಡೆಯ ಒಂದು ಹಳ್ಳಿಯಲ್ಲಿ ಸಂಘದ ಹೆಣ್ಣುಮಕ್ಕಳ ಜೊತೆ ಕೂತಿದ್ದೆ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ಎಲ್ಲರ ಖಾತೆಗೂ ಬರುತ್ತಿತ್ತು. ‘ದುಡ್ಡು ಜಮಾ ಆದ ಮೆಸೇಜು ಯಾರ ಫೋನಿಗೆ ಬರುತ್ತೆ?’ ಅಂತ ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮಗನ ಫೋನು, ಗಂಡನ ಫೋನು ಅಂದವರೇ ಜಾಸ್ತಿ. ಮೂಲೆಯಲ್ಲಿ ಕೂತಿದ್ದ ಒಬ್ಬ ಅವ್ವ ಮಾತ್ರ, ‘ನನ್ನ ಪಾಸ್‌ಬುಕ್ ಶೇಂಗಾ ಡಬ್ಬ್ಯಾಗ ಐತಿ, ತಿಂಗಳಾ ನಾನಾ ಬ್ಯಾಂಕಿಗೆ ಹೋಗ್ತೀನಿ’ ಅಂದಳು. ಬಸ್ಸು ಫ್ರೀ ಆದಮೇಲೆ ಯಾರನ್ನೂ ಕೇಳದೆ ಹೋಗಿ ಬರುತ್ತಾಳಂತೆ. ಕೂಡಿಟ್ಟ ದುಡ್ಡಿನಲ್ಲಿ ಹೊಲಿಗೆ ಯಂತ್ರ ತಗೊಂಡಿದ್ದಳು. ಮಿಕ್ಕವರಿಗೂ ಅದೇ 2000 ಬರುತ್ತಿತ್ತು. ಆದರೆ ದುಡ್ಡು ಬಂದದ್ದು ಮೊದಲು ಅವಳಿಗೇ ಗೊತ್ತಾಗುತ್ತಿತ್ತು, ತರಲು ಅವಳೇ ಹೋಗುತ್ತಿದ್ದಳು.

ಒಂದೇ ಒಂದು ಕಡೆ ಹೆಂಗಸರ ಹೆಸರು ಬಹಳ ಸಲೀಸಾಗಿ ಬರೆಯುತ್ತಾರೆ. ಅದು ಸಾಲದ ಕಾಗದದಲ್ಲಿ. ಮೈಕ್ರೋಫೈನಾನ್ಸ್ ಸಾಲ ಹೆಚ್ಚಾಗಿ ಕೊಡುವುದು ಹೆಂಗಸರಿಗೇ. ಸಾಲ ಅವಳ ಹೆಸರಲ್ಲಿ, ದುಡ್ಡು ಹೋಗುವುದು ಗಂಡನ ವ್ಯಾಪಾರಕ್ಕೆ, ವಾರ ವಾರ ಕಂತಿಗೆ ಪರದಾಡುವುದು ಅವಳು. ನಮ್ಮ ದೇಶದ ಹೈದರಾಬಾದೂ ಸೇರಿದಂತೆ ಆರು ದೇಶಗಳಲ್ಲಿ ಇಂಥ ಸಾಲಗಳ ಬಗ್ಗೆ ಅಧ್ಯಯನ ನಡೆದಿತ್ತು, 2015ರಲ್ಲಿ ಒಟ್ಟಿಗೆ ಪ್ರಕಟವಾಯಿತು. ಕೆಲವರಿಗೆ ಸ್ವಲ್ಪ ಅನುಕೂಲ ಆಯಿತು, ಬದುಕು ಮಾತ್ರ ಬದಲಾಗಲಿಲ್ಲ. ವಸೂಲಿಯ ಕಿರುಕುಳ ಹೆಚ್ಚಾಗಿ 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಿಮ್ಮ ಅವ್ವನ ಸಹಿ ಎಲ್ಲಾದರೂ ಬೇಕು ಅಂತ ಯಾರಾದರೂ ಕೇಳಿದರೆ, ಅದು ಆಸ್ತಿಯ ಕಾಗದವಾ, ಸಾಲದ ಕಾಗದವಾ ಅಂತ ಮೊದಲು ನೀನು ಓದು.

ಆಸ್ತಿಯ ಮಾತು ಬಂತು, ಇದು ನಿನಗೇ ಬೇಕಾದದ್ದು. ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಮನೆತನದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಪಾಲು ಅಂತ ಕಾನೂನು ಆಯಿತು. ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂದಾಗ ಆ ಬೇಲಿಯೂ ಹೋಯಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲಿ, ಇಲ್ಲದಿರಲಿ, ಮಗಳ ಹಕ್ಕು ಹುಟ್ಟಿನಿಂದಲೇ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಂದೆ ಸ್ವಂತ ದುಡಿದು ಗಳಿಸಿದ ಆಸ್ತಿಯನ್ನು ಅವರು ಉಯಿಲು ಬರೆದು ಬೇಕಾದವರಿಗೆ ಕೊಡಬಹುದು, ಅದು ಬೇರೆ. 1994ರ ಕಾನೂನು ಬಂದ ಕರ್ನಾಟಕ, ಮಹಾರಾಷ್ಟ್ರ ಎರಡನ್ನೂ ಅಧ್ಯಯನ ಮಾಡಿದವರು ಕಂಡದ್ದು ಏನೆಂದರೆ, ಮಗಳಿಗೆ ಜಮೀನು ಸಿಗುವುದು ಹೆಚ್ಚಿತು, ಹೆಣ್ಣುಮಕ್ಕಳ ಓದು ಹೆಚ್ಚಿತು, ಮದುವೆ ವಯಸ್ಸೂ ಮುಂದೆ ಹೋಯಿತು. ಗಂಡುಮಕ್ಕಳ ಸಮಕ್ಕೆ ಮಾತ್ರ ಇನ್ನೂ ಬಂದಿಲ್ಲ.

ಯಾಕೆ ಬಂದಿಲ್ಲ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾ? ಪಂಚಮಿ ಹಬ್ಬಕ್ಕೆ ಅಣ್ಣ ಕರೆಯಲು ಬರುತ್ತಾನೆ. ಉಂಡಿ ಕಟ್ಟುತ್ತಾರೆ, ಜೋಕಾಲಿ ಆಡುತ್ತಾರೆ, ಹೊರಡುವ ಹೊತ್ತಿಗೆ ಉಡಿ ತುಂಬಿ ಸೀರೆ ಕೊಡುತ್ತಾರೆ. ಆ ಸಂಭ್ರಮದ ನಡುವೆ ಒಂದು ದಿನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಆಗಿಹೋಗುತ್ತದೆ. ‘ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ’ ಅನ್ನುವ ಹೆದರಿಕೆ. ನಾನೂ ಒಂದು ಕಾಲಕ್ಕೆ ಹಾಗೇ ಸಹಿ ಹಾಕಿದವಳು. ಯಾರೂ ಒತ್ತಾಯ ಮಾಡಲಿಲ್ಲ, ಅಣ್ಣ ಒಳ್ಳೆಯವನೇ. ಆದರೂ ಆ ಸಹಿಯ ಬಗ್ಗೆ ಇವತ್ತಿಗೂ ಮನಸ್ಸಿಗೆ ಸಮಾಧಾನ ಇಲ್ಲ. ಜಮೀನಿನ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲದ ಹೆಂಗಸಿಗೆ ಬೆಳೆಸಾಲಕ್ಕೂ, ಬೆಳೆ ಪರಿಹಾರಕ್ಕೂ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ ಅನ್ನುವುದು ನನಗೆ ಆಮೇಲೆ ಕೆಲಸ ಮಾಡುತ್ತಾ ಅರ್ಥವಾಯಿತು.

ಕೆಲಸ ಮನೆ ಹತ್ತಿರ ಬರುವುದೂ ಮುಖ್ಯ. ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ ಕಾರ್ಖಾನೆಗಳಿಗೆ ಹತ್ತಿರದ ಹಳ್ಳಿಗಳ ಹುಡುಗಿಯರು ಹೆಚ್ಚು ವರ್ಷ ಶಾಲೆಗೆ ಹೋದರು, ತಡವಾಗಿ ಮದುವೆಯಾದರು. ಲೆಕ್ಕ ಬಂದರೆ ಕೆಲಸ ಸಿಗುತ್ತದೆ ಅಂತ ತಂದೆತಾಯಿ ಕಣ್ಣಾರೆ ನೋಡಿದರು. ಅದೇ ದೇಶದಲ್ಲಿ 2013ರಲ್ಲಿ ರಾಣಾ ಪ್ಲಾಜಾ ಕುಸಿದು 1100ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸ ಬಂದರೆ ಸಾಲದು, ಜೀವಕ್ಕೆ ಭದ್ರತೆಯೂ ಬೇಕು. ವಿಜಯಪುರದ ತಿಕೋಟಾ ಕಡೆ ಒಣದ್ರಾಕ್ಷಿ ಆರಿಸುವ ಶೆಡ್ಡುಗಳಲ್ಲಿ, ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವ ಜೋಡಿಗಳಲ್ಲಿ ನಾನು ಮೊದಲು ನೋಡುವುದು ಎರಡನ್ನೇ: ಕೂಲಿಯನ್ನು ಯಾರ ಕೈಗೆ ಎಣಿಸಿ ಕೊಡುತ್ತಾರೆ, ಕೂಸನ್ನು ಎಲ್ಲಿ ಮಲಗಿಸಿದ್ದಾರೆ.

ನಿಮ್ಮ ಮನೆಯ ವಿಷಯಕ್ಕೆ ಬರೋಣ. ಅಪ್ಪನ ಜೊತೆ ಜಗಳ ಬೇಡ. ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆ. ಅವ್ವ ದಿನಕ್ಕೆ ಎಷ್ಟು ಕಂಡಿಕೆ ಸುತ್ತಿದಳು, ಕೊಂಡಿಗೆ ಎಷ್ಟು ಗಂಟೆ ಹೋಯಿತು, ಅಪ್ಪ ಅಣ್ಣ ಎಷ್ಟು ಹೊತ್ತು ಮಗ್ಗದಲ್ಲಿ ಕೂತರು. ಅದೇ ಕೆಲಸವನ್ನು ಹೊರಗಿನವರಿಂದ ಮಾಡಿಸಿದರೆ ನಿಮ್ಮ ಓಣಿಯಲ್ಲಿ ಏನು ಮಜೂರಿ ಕೊಡುತ್ತಾರೆ ಅಂತ ವಿಚಾರಿಸಿ ಪಕ್ಕದಲ್ಲಿ ಬರೆ. ಅಪ್ಪನಿಗೆ ಓದಿ ತೋರಿಸು. ಲೆಕ್ಕ ಬಲ್ಲ ನೇಕಾರರು, ಕಣ್ಣ ಮುಂದೆ ಅಂಕಿ ಇದ್ದರೆ ಒಪ್ಪುತ್ತಾರೆ. ಆಮೇಲೆ ಅವ್ವನ ಹೆಸರಿಗೆ ನೇಕಾರರ ಗುರುತಿನ ಚೀಟಿ ಆಗುತ್ತದಾ ಅಂತ ಕೈಮಗ್ಗ ಇಲಾಖೆಯ ಕಚೇರಿಯಲ್ಲಿ ಕೇಳು. ಸಹಾಯದ ಕೆಲಸದವರನ್ನೂ ಗಣತಿಯಲ್ಲಿ ಎಣಿಸುತ್ತಾರೆ ಅನ್ನುವುದನ್ನು ಅಲ್ಲಿ ನೆನಪಿಸು. ಅವ್ವನ ಖಾತೆಗೆ ಅವ್ವನದೇ ಮೊಬೈಲ್ ನಂಬರ್ ಜೋಡಿಸು, ಎಟಿಎಂ ಬಳಸುವುದನ್ನು ನೀನೇ ಕಲಿಸು. ಮುಂದಿನ ಸಲ ಸಾಹುಕಾರರ ಹತ್ತಿರ ಮಜೂರಿ ತರಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು. ಎಷ್ಟು ಬಂತು ಅಂತ ಅವಳೇ ಎಣಿಸಿಕೊಳ್ಳಲಿ.

ಆ ನೋಟ್‌ಬುಕ್ಕಿನ ಪುಟಗಳನ್ನು ನನಗೂ ಕಳಿಸು. ಕ್ಲಾಸಿನಲ್ಲೂ ಇಡು. ಪಾಠ ಮಾಡಿದವರು ಖುಷಿಯಿಂದಲೇ ನೋಡುತ್ತಾರೆ ಅಂತ ನನ್ನ ನಂಬಿಕೆ, ನಿಮ್ಮ ಓಣಿಯ ಅಂಕಿ ಅವರ ಪುಸ್ತಕದಲ್ಲಿ ಇಲ್ಲ.